ಸಾಕೆ, ಇಷ್ಟು ಸಾಕೆ?

ಸಾಕೆ ಅಂದರೆ ಜಪಾನಿನವರ ಅಕ್ಕಿ ಸಾರಾಯಿ ಅಂತ ನಮ್ಮವರು ಒಂದೇ ಮಾತಲ್ಲಿ ಹೇಳಿ ಮುಗಿಸಿಬಿಡುತ್ತಾರೆ. ಆ ಮಾತಿನಲ್ಲಿ ಅಕ್ಕಿ ಸರಿ, ಸಾರಾಯಿ ತಪ್ಪು. ಸಾರಾಯಿ ಭಟ್ಟಿ ಇಳಿಸಿದ್ದು. ಸಾಕೆಗೆ ಭಟ್ಟಿಯ ಸಂಬಂಧವೇ ಇಲ್ಲ. ಬೇಯಿಸಿದ ಅಕ್ಕಿಯನ್ನು ಹುದುಗಿಸಿ, ಹಿಂಡಿ, ಸೋಸಿದ್ದು ಅದು. ಶೇಕಡಾ 15-16ರಷ್ಟು ಆಲ್ಕೋಹಾಲು, ಅಂದರೆ ವೈನಿಗಿಂತ ಒಂದು ಕೈ ಮೇಲೆ, ವಿಸ್ಕಿಗಿಂತ ಎಷ್ಟೋ ಕೆಳಗೆ. ಜಪಾನಿನಲ್ಲಿ 'ಸಾಕೆ' ಅಂದರೆ ಯಾವ ಮದ್ಯವಾದರೂ ಆದೀತು, ಈ ಅಕ್ಕಿಯದ್ದೇ ಬೇಕು ಅಂದರೆ 'ನಿಹೊನ್‌ಶು' ಅಂತ ಕೇಳಬೇಕು. ಸಾಲ್ಮನ್ ಮೀನಿಗೂ ಅವರು ಸಾಕೆ ಅಂತಲೇ ಅನ್ನುತ್ತಾರೆ, ಬರೆಯುವ ಅಕ್ಷರ ಬೇರೆ ಅಷ್ಟೆ. ನಾನಂತೂ ನಮ್ಮ ಬಾಯಿಗೆ ಒಗ್ಗಿದ ಸಾಕೆಯನ್ನೇ ಇಟ್ಟುಕೊಳ್ಳುತ್ತೇನೆ.

ಸಾರಾಯಿಗೂ ಇದಕ್ಕೂ ಇರುವ ಈ ವ್ಯತ್ಯಾಸ ನನಗೆ ಬರೀ ಕ್ವಿಜ್ ಪ್ರಶ್ನೆ ಅಲ್ಲ. ನಾನು ಮದ್ದೂರು ಸೀಮೆಯವನು. ನಾಲೆ ನೀರು, ಭತ್ತ, ಕಬ್ಬು, ಬಸ್‌ಸ್ಟಾಪ್ ಪಕ್ಕದಲ್ಲಿ ಒಂದು ಸಾರಾಯಿ ಅಂಗಡಿ. ನಮ್ಮ ಚಿಕ್ಕಪ್ಪ ಗದ್ದೆಯಿಂದ ಬಂದವರು ಮನೆಗೆ ಬರುವ ಮುಂಚೆ ಅಲ್ಲಿಗೆ ಹೋಗೋರು. ಪ್ಲಾಸ್ಟಿಕ್ ಪ್ಯಾಕೆಟ್ಟಿನ ಮೂಲೆಯನ್ನ ಹಲ್ಲಲ್ಲಿ ಕಚ್ಚಿ ಹರಿದು, ನಿಂತ ಕಾಲಲ್ಲೇ ಬಾಯಿಗೆ ಹಿಂಡಿಕೊಂಡರೆ ಮುಗೀತು. ಉಂಡರೆ ಏರಿದ್ದು ಇಳಿದುಹೋಗುತ್ತೆ ಅಂತ ಉಣ್ಣುತ್ತಿರಲಿಲ್ಲ. ಚಿಕ್ಕಮ್ಮ ಮುಚ್ಚಿಟ್ಟ ಮುದ್ದೆ ಬೆಳಗ್ಗೆ ಎಮ್ಮೆ ಕಲಗಚ್ಚಿಗೆ ಬೀಳೋದು. ಸರ್ಕಾರ 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧಿಸಿತು. ನಾನು ಪಿಯುಸಿ ಮುಗಿಸಿ ಸಿಇಟಿ ಕೌನ್ಸೆಲಿಂಗಿಗೆ ಕಾಯುತ್ತಿದ್ದ ವರ್ಷ. ಚಿಕ್ಕಪ್ಪ ಅದನ್ನ ನೋಡಲಿಲ್ಲ, ಹಿಂದಿನ ವರ್ಷವೇ ಹೋಗಿದ್ದರು. ಆಗ ಅವರಿಗೆ ಮೂವತ್ತೊಂಬತ್ತು. ನನಗೀಗ ಮೂವತ್ತಾರು.

ಆಮೇಲೆ ಬಿಇ, ಬೆಂಗಳೂರು, ಕ್ಯೂಬಿಕಲ್ಲು, ಎಲ್ಲರದ್ದೂ ಇರುವ ಕಥೆಯೇ. ಪ್ರಾಜೆಕ್ಟು ಟೋಕಿಯೋಗೆ ಆನ್‌ಸೈಟ್ ಕಳಿಸಿತು. ನಮ್ಮ ದೇಶದ ಐಟಿ ಮಂದಿ ಜಾಸ್ತಿ ಇರುವ ನಿಶಿ-ಕಸಾಯಿಯಲ್ಲಿ ಒಂದು ರೂಮು. ಹೊರಡುವಾಗ ಅಮ್ಮ ಹೇಳಿದ್ದು ಇಷ್ಟೇ: "ಮೀನು ಹಸೀದೇ ತಿಂತಾರಂತೆ, ಬೇಕಾರೆ ತಿನ್ನು. ಕುಡಿಯಾಕ್ ಮಾತ್ರ ಕಲ್ತ್ಕಬ್ಯಾಡ ಕಣಪ್ಪ."

ಆಫೀಸಿನವರ ಜೊತೆ ಇಜಕಾಯಾಗೆ ಹೋಗೋದು ಅಲ್ಲಿ ಕೆಲಸದ್ದೇ ಒಂದು ಭಾಗ. ಇಜಕಾಯಾ ಅಂದರೆ ಕುಡಿಯೋ ಜಾಗ ಹೌದು, ಆದರೆ ನಮ್ಮ ಬಾರಿನ ಥರ ಕತ್ತಲೆ ಗವಿ ಅಲ್ಲ. ಕೂತ ಕೂಡಲೇ ನೀವು ಕೇಳದೇ ಒಂದು ಪುಟ್ಟ ಬಟ್ಟಲಲ್ಲಿ ಏನಾದರೂ ತಿನ್ನೋಕೆ ತಂದಿಡುತ್ತಾರೆ. ಬೇಯಿಸಿದ ಸೊಪ್ಪೋ, ಸಿಹಿಗೆಣಸೋ, ಒಂದು ತುಂಡು ಮೀನೋ. ಅದಕ್ಕೆ 'ಒತೋಶಿ' ಅಂತ ಹೆಸರು. ಬಿಲ್ಲಿನಲ್ಲಿ ಅದರ ದುಡ್ಡೂ ಸೇರಿರುತ್ತೆ, ಬೇಡ ಅಂದರೂ ಸಾಮಾನ್ಯವಾಗಿ ಬಿಡಲ್ಲ. ಹೊಸದಾಗಿ ಬಂದ ನಮ್ಮವರು ಇದನ್ನ ಮೋಸ ಅಂತ ಬೈದುಕೊಳ್ಳುತ್ತಾರೆ. ನನಗೆ ಮಾತ್ರ ಅದು ಬಹಳ ಹಿಡಿಸಿತು. ಮೊದಲ ಗುಟುಕಿಗೆ ಮುಂಚೆ ಹೊಟ್ಟೆಗೆ ಒಂದು ತುತ್ತು. ಮೂರು ತಿಂಗಳು ಊಲಾಂಗ್ ಟೀ ಹಿಡಕೊಂಡು ಇದನ್ನೆಲ್ಲ ನೋಡುತ್ತಾ ಕೂತಿದ್ದೆ. ಸಾಕೆ ತರಿಸಿದವರು ಯಾರೂ ಬರೀ ಸಾಕೆ ಕುಡಿಯುತ್ತಿರಲಿಲ್ಲ. ಒಂದು ತುಂಡು ತಿನ್ನು, ಒಂದು ಗುಟುಕು ಹೀರು, ಮತ್ತೆ ಮೆನು ನೋಡು. ಪಕ್ಕದಲ್ಲಿ ಒಂದು ಲೋಟ ನೀರು. ಆ ನೀರಿಗೂ ಹೆಸರಿದೆ, 'ಯವರಗಿ-ಮಿಜು', ಹದ ಮಾಡುವ ನೀರು ಅಂದಹಾಗೆ.

ನಮ್ಮ ಬುಚೋ ನೀಗತಾ ಕಡೆಯವರು. ಬುಚೋ ಅಂದರೆ ಡಿಪಾರ್ಟ್‌ಮೆಂಟ್ ಮುಖ್ಯಸ್ಥರು, ಅಲ್ಲಿ ಹುದ್ದೆ ಹಿಡಿದೇ ಕರೆಯೋದು ರೂಢಿ, ನಮ್ಮೂರಲ್ಲಿ ಪಟೇಲ್ರು ಶ್ಯಾನುಭೋಗ್ರು ಅನ್ನುವ ಹಾಗೆ. ಅವರ ತಾತ ಭತ್ತ ಬೆಳೆಯೋರು. ನೀಗತಾದಲ್ಲಿ ಚಳಿಗಾಲ ಬಂದರೆ ಆಳೆತ್ತರ ಹಿಮ, ಗದ್ದೆ ಕೆಲಸ ಬಂದ್. ಆಗ ಊರ ಗಂಡಸರು ಗುಂಪು ಕಟ್ಟಿಕೊಂಡು ಸಾಕೆ ಮಾಡುವ ಕಡೆಗೆ ಕೂಲಿಗೆ ಹೋಗೋರಂತೆ, ವಸಂತ ಬಂದ ಮೇಲೆ ವಾಪಸು. ಗುಂಪಿನ ಮುಖ್ಯ ಕುಶಲಿಗೆ 'ತೋಜಿ' ಅಂತ ಹೆಸರು. ಇವಾತೆಯ ನಾನ್ಬು, ಹ್ಯೋಗೋ ಕಡೆಯ ತಾನ್ಬಾ, ನೀಗತಾದ ಎಚಿಗೋ, ಈ ಮೂರು ಸೀಮೆಯ ತೋಜಿಗಳು ದೇಶಕ್ಕೇ ಹೆಸರುವಾಸಿ. ಕಬ್ಬು ಕಡಿಯೋಕೆ ಬಳ್ಳಾರಿ ಕಡೆಯಿಂದ ನಮ್ಮೂರಿಗೆ ಗ್ಯಾಂಗು ಬಂದು ಗುಡಿಸಲು ಹಾಕುತ್ತಿದ್ದದ್ದು ನೆನಪಾಯ್ತು. ಸಾಕೆಯ ಬಾಟಲಿ ಮೇಲಿನ ಆ ಚೆಂದದ ಅಕ್ಷರಗಳ ಹಿಂದೆ ಇರೋದು ಮನೆ ಬಿಟ್ಟು ದುಡಿಯೋಕೆ ಹೋದ ರೈತರು. ಆನ್‌ಸೈಟ್ ಮಂದಿ ಅವರೂ.

ಮಾಡುವ ರೀತಿಯನ್ನ ಬುಚೋ ಪೇಪರ್ ನ್ಯಾಪ್ಕಿನ್ ಮೇಲೆ ಚಿತ್ರ ಬರೆದು ಹೇಳಿಕೊಟ್ಟರು. ಅಕ್ಕಿಯಲ್ಲಿರೋದು ಪಿಷ್ಟ, ಯೀಸ್ಟಿಗೆ ಬೇಕಿರೋದು ಸಕ್ಕರೆ. ಬಿಯರಿಗೆ ಬಾರ್ಲಿ ಮೊಳಕೆ ಕಟ್ಟಿ ಈ ಸಕ್ಕರೆ ಹುಟ್ಟಿಸುತ್ತಾರೆ, ನಮ್ಮ ಮನೆಗಳಲ್ಲಿ ರಾಗಿ ಮೊಳಕೆ ಕಟ್ಟಿ ಮಾಲ್ಟು ಮಾಡುವ ಥರವೇ. ಪಾಲಿಶ್ ಆದ ಅಕ್ಕಿ ಮೊಳೆಯಲ್ಲವಲ್ಲ. ಅದಕ್ಕೆ ಹಬೆಯಲ್ಲಿ ಬೆಂದ ಅಕ್ಕಿಯ ಮೇಲೆ 'ಕೋಜಿ' ಅನ್ನೋ ಬೂಷ್ಟಿನ ಬೀಜ ಉದುರಿಸಿ, ಬೆಚ್ಚಗಿನ ಕೋಣೆಯಲ್ಲಿ ಸುಮಾರು ಎರಡು ದಿನ ಬಾಣಂತಿ ಮಗು ಥರ ನೋಡಿಕೊಳ್ಳುತ್ತಾರೆ. ಅಗುಳಿನ ಮೇಲೆ ಬಿಳಿ ನವಿರು ಕಟ್ಟುತ್ತೆ. ಆ ಬೂಷ್ಟು ಪಿಷ್ಟವನ್ನ ಸಕ್ಕರೆ ಮಾಡುತ್ತೆ, ಅದೇ ತೊಟ್ಟಿಯಲ್ಲಿ ಅದೇ ಹೊತ್ತಿಗೆ ಯೀಸ್ಟು ಆ ಸಕ್ಕರೆ ತಿಂದು ಆಲ್ಕೋಹಾಲು ಮಾಡುತ್ತೆ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಪ್ರೊಡ್ಯೂಸರ್-ಕನ್ಸ್ಯೂಮರ್ ಪ್ರಾಬ್ಲಮ್ಮು, ಎರಡು ಥ್ರೆಡ್ಡು, ಒಂದೇ ಕ್ಯೂ. ಅನ್ನ, ಕೋಜಿ, ನೀರನ್ನೂ ಒಂದೇ ಸಲ ಸುರಿಯಲ್ಲ, ನಾಲ್ಕು ದಿನದಲ್ಲಿ ಮೂರು ಕಂತಿನಲ್ಲಿ ಹಾಕುತ್ತಾರೆ. ಎರಡನೇ ದಿನ ಏನೂ ಹಾಕದೆ ಯೀಸ್ಟು ಹೆಚ್ಚಿಕೊಳ್ಳಲಿ ಅಂತ ಬಿಡುತ್ತಾರೆ. ಆ ದಿನದ ಹೆಸರು 'ಒದೋರಿ', ಕುಣಿತ. ಕೋಜಿಯಿಂದ ಮದ್ಯ ಮಾಡುವ ಈ ವಿದ್ಯೆಯನ್ನ ಯುನೆಸ್ಕೋ 2024ರ ಡಿಸೆಂಬರಿನಲ್ಲಿ ಮಾನವ ಪರಂಪರೆಯ ಪಟ್ಟಿಗೆ ಸೇರಿಸಿತು.

ಒಂದು ವಿಷಯ ಮಾತ್ರ ನನ್ನ ಗಂಟಲಲ್ಲಿ ಈಗಲೂ ಸಿಕ್ಕಿಕೊಂಡಿದೆ. ಅಕ್ಕಿಯ ಹೊರಪದರದಲ್ಲಿ ಕೊಬ್ಬು, ಪ್ರೋಟೀನು ಜಾಸ್ತಿ, ಅದರಿಂದ ಸಾಕೆಯ ರುಚಿ ಒರಟಾಗುತ್ತೆ ಅಂತ ಉಜ್ಜಿ ಉಜ್ಜಿ ತೆಗೆಯುತ್ತಾರೆ. 'ಗಿಂಜೋ' ಅನ್ನಿಸಿಕೊಳ್ಳಬೇಕಾದರೆ ಕಾಳಿನಲ್ಲಿ ಉಳಿಯೋದು ಶೇಕಡಾ 60 ಅಥವಾ ಅದಕ್ಕಿಂತ ಕಡಿಮೆ. 'ದಾಯ್‌ಗಿಂಜೋ' ಆದರೆ 50 ಅಥವಾ ಕಡಿಮೆ. ಅರ್ಧಕ್ಕರ್ಧ ಅಕ್ಕಿ ಪುಡಿಯಾಗಿ ಹೋಯ್ತು! ನೆಲಕ್ಕೆ ಬಿದ್ದ ಅಗುಳು ಕಾಲಿಗೆ ತಾಕಿದರೆ ಕಣ್ಣಿಗೆ ಒತ್ತಿಕೊಳ್ಳುವ ಮನೆಯಲ್ಲಿ ಬೆಳೆದವನಿಗೆ ಇದನ್ನ ಒಪ್ಪೋದು ಕಷ್ಟ. ಪುಡಿ ವ್ಯರ್ಥ ಆಗಲ್ಲ, ಹೊರಗಿನ ತೌಡು ದನದ ಮೇವಿಗೆ, ಉಪ್ಪಿನಕಾಯಿಗೆ, ಒಳಗಿನ ಬಿಳಿ ಪುಡಿ ಅಕ್ಕಿ ಬಿಸ್ಕತ್ತಿಗೆ ಹೋಗುತ್ತೆ ಅಂತ ಬುಚೋ ಸಮಾಧಾನ ಹೇಳಿದರು. ಅಷ್ಟಾದರೂ ಆಗುತ್ತಲ್ಲ ಅಂದುಕೊಂಡೆ. ಆದರೆ ನನ್ನ ಬಾಯಿಗೆ ಇಷ್ಟವಾಗಿದ್ದು ಕಡಿಮೆ ಪಾಲಿಶ್ ಮಾಡಿದ, ಹೊರಗಿನಿಂದ ಆಲ್ಕೋಹಾಲು ಸೇರಿಸದ 'ಜುನ್‌ಮಾಯ್' ಸಾಕೆಗಳೇ. ಹೆಸರಿನ ಅರ್ಥವೇ ಶುದ್ಧ ಅಕ್ಕಿ. ಅಗ್ಗ ಕೂಡ. ದುಬಾರಿಯದ್ದೇ ಒಳ್ಳೆಯದು ಅಂತ ವಿಮಾನ ನಿಲ್ದಾಣದಲ್ಲಿ ದಾಯ್‌ಗಿಂಜೋ ಹೊತ್ತು ತರುವವರನ್ನ ಕಂಡರೆ ನನಗೆ ಸ್ವಲ್ಪ ಸಂಕಟ.

ನಾಲ್ಕನೇ ತಿಂಗಳಲ್ಲಿ ಕುಡಿದೆ. ಚಳಿಗಾಲ, ಮುಂದೆ ಒಂದು ತಟ್ಟೆ ಓದೆನ್. ಕೊಂಬು ಅನ್ನೋ ಕಡಲಪಾಚಿ ಮತ್ತು ಒಣಮೀನಿನ ತಿಳಿಸಾರಿನಲ್ಲಿ ಮೂಲಂಗಿ, ಮೊಟ್ಟೆ, ಮೀನಿನ ಉಂಡೆಗಳನ್ನ ಗಂಟೆಗಟ್ಟಲೆ ಕುದಿಸಿದ್ದು. ನೋಡೋಕೆ ಸಪ್ಪೆ. ಬುಚೋ ಬೆಚ್ಚಗಿನ ಜುನ್‌ಮಾಯ್ ತರಿಸಿ ನನ್ನ ಪುಟ್ಟ ಚೋಕೋಗೆ ಅರ್ಧ ಬಗ್ಗಿಸಿದರು. "ಮೊದಲು ಮೂಲಂಗಿ ತಿನ್ನು. ಬಾಯಲ್ಲಿ ಸಾರು ಇರುವಾಗಲೇ ಒಂದು ಗುಟುಕು," ಅಂದರು. ಹಾಗೇ ಮಾಡಿದೆ. ಆ ಸಾರಿಗೆ ಯಾರೋ ಒಂದು ಸೌಟು ಅನ್ನ ಬೆರೆಸಿದ ಹಾಗಾಯ್ತು. ಗಂಟಲು ಉರಿಯಲಿಲ್ಲ. ಚಿಕ್ಕಪ್ಪನ ಮೈಯಿಂದ ಬರುತ್ತಿದ್ದ ಆ ವಾಸನೆಗೆ ಹೆದರಿಕೊಂಡು ಕಾಯುತ್ತಿದ್ದೆ, ಅದೂ ಬರಲಿಲ್ಲ.

ಆವತ್ತಿಂದ ಜೋಡಿ ಹುಡುಕೋಕೆ ನನ್ನದು ಒಂದೇ ಲೆಕ್ಕ. ಈ ಪದಾರ್ಥವನ್ನ ನಾನು ಬಿಸಿ ಅನ್ನಕ್ಕೆ ಹಾಕಿಕೊಂಡು ತಿಂತೀನಾ? ತಿಂತೀನಿ ಅಂದರೆ ಸಾಕೆ ಜೊತೆಗೂ ಹೊಂದುತ್ತೆ. ಸಾಕೆಯನ್ನ ಗ್ಲಾಸಿನಲ್ಲಿರುವ ಅನ್ನ ಅಂತ ತಿಳಕೊಂಡರೆ ಮುಕ್ಕಾಲು ಪಾಲು ಗೊಂದಲ ತೀರುತ್ತೆ. ಅಳತೆಯೂ ಅನ್ನದ್ದೇ ನೋಡಿ. ಅವರ ಒಂದು 'ಗೋ' ಅಂದರೆ 180 ಮಿಲಿ, ರೈಸ್ ಕುಕ್ಕರ್ ಜೊತೆ ಬರೋ ಕಪ್ಪು ಅದೇ. ಹತ್ತು ಗೋ ಸೇರಿದರೆ ಒಂದು 'ಶೋ', 1.8 ಲೀಟರಿನ ದೊಡ್ಡ ಬಾಟಲಿ. ಸಾಕೆ ಬಗ್ಗಿಸಿ ಕೊಡುವ ಆ ಚೌಕದ ಮರದ ಪೆಟ್ಟಿಗೆ 'ಮಾಸು' ಮೂಲದಲ್ಲಿ ಅಕ್ಕಿ ಅಳೆಯುವ ಪಾತ್ರೆ. ನಮ್ಮ ಪಾವು-ಸೇರಿನ ದಾಯಾದಿ.

ಇದಕ್ಕೆ ಕಾರಣವೂ ಇದೆ. ಸೋಯಾ ಸಾಸ್, ಮಿಸೋ, ಅಕ್ಕಿ ವಿನೆಗರ್, ಅಡುಗೆಗೆ ಹಾಕುವ ಸಿಹಿ ಮಿರಿನ್, ಇವೆಲ್ಲವೂ ಕೋಜಿಯಿಂದಲೇ ಆಗೋದು. ಸುಶಿಯ ಅನ್ನಕ್ಕೆ ಬೆರೆಸೋದೂ ಆ ವಿನೆಗರನ್ನೇ. ಎಲ್ಲಾ ಒಂದೇ ಬೂಷ್ಟಿನ ಮಕ್ಕಳು, ಸಾಕೆ ಅವರ ಅಣ್ಣನೋ ತಮ್ಮನೋ. ಜಗಳ ಯಾಕಾಡುತ್ತವೆ? ಇನ್ನೊಂದು, ಉಮಾಮಿ. ಕೊಂಬು ಸಾರಿನ ಆ ರುಚಿಗೆ ಗ್ಲುಟಮೇಟ್ ಕಾರಣ ಅಂತ 1908ರಲ್ಲಿ ಕಂಡುಹಿಡಿದವರು ಟೋಕಿಯೋದ ಇಕೆದಾ ಕಿಕುನಾಯೆ. ಐದು ವರ್ಷದ ಮೇಲೆ ಅವರ ಶಿಷ್ಯ ಕೊದಾಮಾ ಒಣಮೀನಿನಲ್ಲಿ ಇನೊಸಿನೇಟ್ ಕಂಡುಹಿಡಿದರು. ಇವೆರಡೂ ಸೇರಿದರೆ ರುಚಿ ಕೂಡೋದಲ್ಲ, ಗುಣಿಸುತ್ತೆ. ಸಾಕೆಯಲ್ಲಿ ಗ್ಲುಟಮೇಟ್ ಸೇರಿ ಅಮೈನೋ ಆಮ್ಲಗಳು ವೈನಿಗಿಂತ ಬಹಳ ಜಾಸ್ತಿ, ಮೀನಿನಲ್ಲಿ ಇನೊಸಿನೇಟ್ ಇದೆ. ಲೆಕ್ಕ ಸರಿಹೋಯ್ತಲ್ಲ. ಅದೇ ಮೀನಿಗೆ ಕೆಲವು ವೈನು ಕುಡಿದರೆ ಬಾಯೆಲ್ಲ ಮೀನು ವಾಸನೆ ಹೊಡೆಯೋದು ವೈನಿನಲ್ಲಿರುವ ಕಬ್ಬಿಣದ ಅಂಶದಿಂದ ಅಂತ ಜಪಾನಿನ ಸಂಶೋಧಕರು 2009ರಲ್ಲಿ ತೋರಿಸಿದ್ದಾರೆ. ಸಾಕೆ ಮಾಡುವವರಿಗೆ ಕಬ್ಬಿಣ ಅಂದರೇ ಆಗಲ್ಲ, ಬಣ್ಣ ರುಚಿ ಎರಡೂ ಕೆಡುತ್ತೆ ಅಂತ ಕಬ್ಬಿಣ ಇಲ್ಲದ ನೀರನ್ನೇ ಹುಡುಕಿ ಬಳಸುತ್ತಾರೆ.

ಬಿಸಿಯೋ ತಣ್ಣಗೋ ಅನ್ನೋದು ದೊಡ್ಡ ಚರ್ಚೆ. ಐದು ಡಿಗ್ರಿಗೊಂದು ಹೆಸರು ಇಟ್ಟ ಜನ ಇವರು. 5 ಡಿಗ್ರಿ ಇದ್ದರೆ ಹಿಮದ ತಂಪು, 10 ಇದ್ದರೆ ಹೂವಿನ ತಂಪು, 30ಕ್ಕೆ ಎಳೆಬಿಸಿಲು, 35ಕ್ಕೆ ಮೈಬಿಸಿ. ಹೀಗೇ 55ರವರೆಗೆ ಹೋಗುತ್ತೆ. ಸುಟ್ಟ ಬಂಗುಡೆಗೆ, ಉಪ್ಪು ಸವರಿ ಕೆಂಡದ ಮೇಲಿಟ್ಟಿದ್ದಕ್ಕೆ, 45ರ ಆಸುಪಾಸಿನ ಹುಳಿ ಹೆಚ್ಚಿರುವ 'ಯಮಾಹಾಯ್' ಸಾಕೆ ಸಿಕ್ಕಿದರೆ ಬೇರೆ ಏನೂ ಬೇಡ. ಮೀನಿನ ಜಿಡ್ಡನ್ನ ಆ ಹುಳಿ ಬಳಿದುಕೊಂಡು ಹೋಗುತ್ತೆ, ಮಜ್ಜಿಗೆ ಮಾಡುವ ಕೆಲಸವನ್ನೇ. ತೆಳ್ಳಗೆ ಕೊಯ್ದ ಬಿಳಿ ಮೀನಿನ ಸಾಶಿಮಿಗೆ ನೀಗತಾದ ಹಗುರ, ಒಣ ಸಾಕೆ ತಣ್ಣಗೆ. ಇನ್ನು ಗಿಂಜೋ, ದಾಯ್‌ಗಿಂಜೋಗಳಲ್ಲಿ ಹಣ್ಣಿನ ಪರಿಮಳ, ಕೆಲವದರಲ್ಲಿ ಸೇಬು, ಕೆಲವದರಲ್ಲಿ ನಂಜನಗೂಡು ರಸಬಾಳೆ ಪಕ್ಕದಲ್ಲೇ ಇಟ್ಟ ಹಾಗೆ. ಹಣ್ಣು ಹಾಕಿರಲ್ಲ, ಎಲ್ಲಾ ಯೀಸ್ಟಿನ ಕೈಚಳಕ. ಇವನ್ನ ಗಾಢ ಸೋಯಾ-ಸಕ್ಕರೆ ಸುರಿದ ಕೋಳಿ ಜೊತೆ ಕುಡಿಯೋದು ಮಲ್ಲಿಗೆ ಹೂವನ್ನ ಬಿರಿಯಾನಿ ಪಾತ್ರೆಗೆ ಹಾಕಿದಂತೆ. ಊಟಕ್ಕೆ ಮುಂಚೆ ಒಂದು ಗುಟುಕು, ಜೊತೆಗೆ ಎರಡು ತುಂಡು ತೋಫು, ಅಲ್ಲಿಗೆ ನಿಲ್ಲಿಸಿ.

ಜಪಾನಿನಲ್ಲಿ ಸಾಕೆ ಜೊತೆಗಿನ ಊಟದಲ್ಲಿ ಅನ್ನ ಕೊನೆಗೆ ಬರುತ್ತೆ, ಮಿಸೋ ಸಾರು ಉಪ್ಪಿನಕಾಯಿ ಜೊತೆ. ಕೈಸೆಕಿಯಲ್ಲಿ ಅದೇ ಕ್ರಮ. ಸಾಕೆ ಇರುವವರೆಗೆ ಅನ್ನ ಇಲ್ಲ, ಅನ್ನ ಬಂತು ಅಂದರೆ ಕುಡಿದದ್ದು ಮುಗೀತು ಅಂತ ಅರ್ಥ. ನಮ್ಮಲ್ಲಿ ಮಜ್ಜಿಗೆ ಬಡಿಸಿದ ಮೇಲೆ ಹೋಳಿಗೆ ಕೇಳೋಕಾಗುತ್ತಾ?

ಎಲ್ಲಾ ಹೀಗೇ ಚೆಂದ ಅಂತ ಹೇಳಿದರೆ ಸುಳ್ಳಾಗುತ್ತೆ. ಶುಕ್ರವಾರ ರಾತ್ರಿ ಕೊನೇ ರೈಲಿನಲ್ಲಿ ಹೋಗಿ ನೋಡಿ. ಸೂಟು ಟೈ ಹಾಕಿಕೊಂಡೇ ಪ್ಲಾಟ್‌ಫಾರ್ಮಿನ ಮೇಲೆ ಮಲಗಿರೋರು ಕಾಣುತ್ತಾರೆ. ಒಬ್ಬರ ಬ್ರೀಫ್‌ಕೇಸ್ ತಲೆದಿಂಬಾಗಿತ್ತು, ಬೂಟು ಮಾತ್ರ ಬಿಚ್ಚಿ ಜೋಡಿಸಿಟ್ಟಿದ್ದರು. ನಮ್ಮೂರ ಬಸ್‌ಸ್ಟಾಪಿಗೂ ಆ ಪ್ಲಾಟ್‌ಫಾರ್ಮಿಗೂ ಆ ಬೂಟಿನಷ್ಟೇ ವ್ಯತ್ಯಾಸ. ಮೇಲಿನವರು ಬಲವಂತವಾಗಿ ಕುಡಿಸೋದೂ ಉಂಟು, ಅದಕ್ಕೆ 'ಅರುಹರಾ' ಅಂತ ಪದವೇ ಇದೆ, ಆಲ್ಕೋಹಾಲ್ ಹೆರಾಸ್‌ಮೆಂಟಿನ ಮೊಟಕು. ತನ್ನ ಬಟ್ಟಲಿಗೆ ತಾನೇ ಬಗ್ಗಿಸಿಕೊಳ್ಳೋ ಹಾಗಿಲ್ಲ, ಒಬ್ಬರಿಗೊಬ್ಬರು ಬಗ್ಗಿಸಬೇಕು ಅನ್ನೋ ರಿವಾಜಿಗೆ ಎರಡು ಮುಖ. ಖಾಲಿ ಬಟ್ಟಲು ಕಂಡರೆ ಪಕ್ಕದವರು ತುಂಬಿಸಿಬಿಡುತ್ತಾರೆ. ನನಗೆ ಉಪಾಯ ಹೇಳಿಕೊಟ್ಟವರೂ ಬುಚೋನೇ: ಬೇಡವಾದಾಗ ಬಟ್ಟಲು ತುಂಬಿರುವಾಗಲೇ ಬಿಟ್ಟುಬಿಡು, ಯಾರೂ ಕೇಳಲ್ಲ. ನಾನು ಎರಡನೇ ಚೋಕೋ ತುಂಬಿದ ಮೇಲೆ ಮುಟ್ಟಲ್ಲ. ಫೋನಿನಲ್ಲಿ ಅಮ್ಮನಿಗೆ ಇದನ್ನ ಹೇಳಿದಾಗ ಅವರ ಪ್ರಶ್ನೆ: "ಸಾಕೆ ಅಂದ್ರೇನ್ಲಾ, ಸಾಕು ಅಂತಾನಾ?" ಹೌದಮ್ಮ, ಹೆಚ್ಚುಕಡಿಮೆ ಅದೇ, ಅಂದೆ. ಒಂದು ಕ್ಷಣ ಸುಮ್ಮನಿದ್ದು, "ಉಣ್ಣಾಕ್ ಇಲ್ದೋರು ಎಷ್ಟ್ ಜನ ಅವ್ರೆ, ಅಕ್ಕೀನ ಕುಡಿಯಾಕ್ಯಾಕ್ ಹಾಳ್ಮಾಡ್ತಾರೆ?" ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಈಗ ಬೆಂಗಳೂರಿನಲ್ಲಿ ವಾಪಸು. ಇಂದಿರಾನಗರ, ಕೋರಮಂಗಲದಲ್ಲಿ ಏಷ್ಯನ್ ಫ್ಯೂಷನ್ ಹೋಟೆಲುಗಳು ಒಂದರ ಪಕ್ಕ ಒಂದು. ಒಂದೇ ಮೆನುವಿನಲ್ಲಿ ಸುಶಿ, ಥಾಯ್ ಕರಿ, ಕೊರಿಯಾದ ಖಾರದ ಕೋಳಿ, ಮೊಮೊ. ಒಂದು ಕಡೆ ಸಾಕೆ ತರಿಸಿದರೆ ಕೈ ಸುಡುವಷ್ಟು ಕಾಯಿಸಿ, ಶಾಟ್ ಗ್ಲಾಸಿನಲ್ಲಿ ತಂದು, "ಬಾಟಮ್ಸ್ ಅಪ್ ಸಾರ್" ಅಂದ ಹುಡುಗ. ಜೊತೆಗೆ ತಿನ್ನೋಕೆ ಏನೂ ಇಲ್ಲ. ಪ್ಯಾಕೆಟ್ಟು ಹೋಗಿ ಪಿಂಗಾಣಿ ಬಂದಿದೆ ಅನ್ನಿಸಿತು. ನೀವು ಅಂಥಲ್ಲಿಗೆ ಹೋದರೆ ಕಾಯಿಸೋದು ಹದವಾಗಿರಲಿ ಅಂತ ಹೇಳಿ, ತಿಂಡಿ ಬರೋವರೆಗೆ ಸಾಕೆ ತರಬೇಡ ಅಂತಲೂ ಹೇಳಿ. ಖಾರದ ಅಡುಗೆಗೆ ಆಲ್ಕೋಹಾಲು ಸೇರಿದರೆ ಉರಿ ಇನ್ನೂ ಹೆಚ್ಚುತ್ತೆ. ಹಾಗಾಗಿ ಕಿಮ್ಚಿಗೆ, ಥಾಯ್ ರೆಡ್ ಕರಿಗೆ 'ನಿಗೋರಿ' ಕೇಳಿ. ಒರಟಾಗಿ ಸೋಸಿದ್ದು, ಗಂಜಿ ತಿಳಿಯ ಥರ ಬೆಳ್ಳಗೆ, ಸ್ವಲ್ಪ ಸಿಹಿ, ತೆಂಗಿನಹಾಲಿನ ಜೊತೆ ಚೆನ್ನಾಗಿ ಕೂರುತ್ತೆ. ಅಣಬೆ, ಬದನೆಕಾಯಿ, ಸೋಯಾ ಹಾಕಿ ಹುರಿದ ಯಾವುದಕ್ಕಾದರೂ ಜುನ್‌ಮಾಯ್. ಶುದ್ಧ ಸಸ್ಯಾಹಾರಿಗಳೂ ಇಲ್ಲಿ ಸೋಲುವುದಿಲ್ಲ, ಆದರೆ ಮಿಸೋ ಸಾರಿಗೆ ಒಣಮೀನು ಹಾಕಿದ್ದಾರಾ ಅಂತ ಒಮ್ಮೆ ಕೇಳಿಕೊಳ್ಳಿ. ಮಯೋನೀಸ್ ಸುರಿದ ಸುಶಿಗೆ ಏನು ಜೋಡಿ ಅಂತ ಕೇಳಿದರೆ, ನಿಂಬೆ ಸೋಡಾ. ನಮ್ಮ ಅಡುಗೆಗೂ ಪ್ರಯತ್ನ ಮಾಡಿದ್ದೇನೆ. ನಿಶಿ-ಕಸಾಯಿ ರೂಮಿನಲ್ಲಿ ನಾಟಿ ಸ್ಟೈಲಿನ ಕೋಳಿ ಸಾರು, ನಿಗೋರಿ ಪರವಾಗಿಲ್ಲ ಅನ್ನಿಸಿತು. ಬಸ್ಸಾರಿಗೆ ಬೆಚ್ಚಗಿನ ಜುನ್‌ಮಾಯ್ ಅದ್ಭುತ. ಮುದ್ದೆ ಜೊತೆ ಮಾತ್ರ ಕೆಲಸಕ್ಕೆ ಬರಲ್ಲ. ಮುದ್ದೆ ನುಂಗೋದು, ಸಾಕೆ ಬಾಯಲ್ಲಿ ನಿಲ್ಲಿಸೋದು, ಎರಡರ ವೇಗ ಬೇರೆ.

ಊರಿಗೆ ಸಾಕೆ ಬಾಟಲಿ ತಂದಿಲ್ಲ, ತರೋದೂ ಇಲ್ಲ. ಕಳೆದ ಯುಗಾದಿಗೆ ಹೋದಾಗ ತಂದದ್ದು 'ಅಮಜಾಕೆ'. ಅನ್ನಕ್ಕೆ ಕೋಜಿ ಸೇರಿಸಿ ಬೆಚ್ಚಗಿಟ್ಟು, ಯೀಸ್ಟು ಹಾಕುವ ಮುಂಚೆಯೇ ನಿಲ್ಲಿಸಿದ ಪಾನೀಯ, ಆಲ್ಕೋಹಾಲು ಇಲ್ಲ. ಸಾಕೆ ಹಿಂಡಿದ ಚರಟದಿಂದ ಮಾಡುವ ಇನ್ನೊಂದು ಬಗೆ ಇದೆ, ಅದರಲ್ಲಿ ಸ್ವಲ್ಪ ಇರಬಹುದು, ಅದನ್ನ ಬಿಟ್ಟು ಅಕ್ಕಿ ಮತ್ತು ಕೋಜಿ ಎರಡೇ ಇರುವ ಪೊಟ್ಟಣ ನೋಡಿ ತಂದಿದ್ದೆ. ಬಿಸಿನೀರಿಗೆ ಕದಡಿ ಅಮ್ಮನಿಗೂ ಚಿಕ್ಕಮ್ಮನಿಗೂ ಕೊಟ್ಟೆ. ಅಮ್ಮ ಒಂದು ಗುಟುಕು ಕುಡಿದು, "ಸಕ್ರೆ ಎಷ್ಟ್ ಹಾಕಿದ್ದೀಯ?" ಅಂದರು. ಹಾಕೇ ಇಲ್ಲ ಕಣಮ್ಮ, ಅನ್ನದ್ದೇ ಸಿಹಿ, ಅಂದರೆ ನಂಬಲಿಲ್ಲ. ಚಿಕ್ಕಮ್ಮ ಲೋಟವನ್ನ ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ಮೂಸಿ ನೋಡಿದರು. ನಾನೇನೂ ಮಾತಾಡಲಿಲ್ಲ. ಆಮೇಲೆ ಪೂರ್ತಿ ಕುಡಿದು ಲೋಟ ಕೆಳಗಿಟ್ಟು, "ಒಂದ್ ಏಲಕ್ಕಿ ಜಜ್ಜಿ ಹಾಕ್ಬೋದಿತ್ತು ಕಣ್ ಮಗ," ಅಂದರು.